ಮನೆಗಾಡಿಯ ಕಾಗದ ಬರುವವರೆಗೆ

ಮಾರ್ಚ್ 3, ಸೋಮವಾರ

ಈ ನೋಟುಪುಸ್ತಕ ಮಗಳು ತಂದುಕೊಟ್ಟದ್ದು. "ಅಮ್ಮ, ಗಾಡಿ ಮಾರಿದವನು ಏನೇನು ಹೇಳ್ತಾನೋ ಎಲ್ಲ ತಾರೀಖು ಹಾಕಿ ಬರೆದಿಡು. ಮುಂದೆ ಮಾತು ತಿರುಗಿಸಿದ್ರೆ ನಮ್ಮ ಕೈಯಲ್ಲಿ ಏನಾದ್ರೂ ಇರಲಿ" ಅಂದಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ತಪ್ಪಿದರೆ ಕಿವಿ ಹಿಂಡಲು ಈಗ ಮೇಷ್ಟ್ರು ಬದುಕಿಲ್ಲ. ಬರೆಯುತ್ತೇನೆ.

ಇವತ್ತು ಮನೆಗಾಡಿ ಬಂತು. ಕ್ಯಾಂಪರ್ ವ್ಯಾನ್ ಅನ್ನಬೇಕಂತೆ. ಒಳಗೆ ಒಲೆ, ಸಿಂಕು, ಮಡಚುವ ಮಂಚ, ಬಟ್ಟೆ ಬೀರುವಿನಷ್ಟು ಅಗಲದ ಪಾಯಿಖಾನೆ. ಯಾರೋ ಉಂಡು, ಮಲಗಿ, ತೊಳೆಯದೆ ಬಿಟ್ಟುಹೋದ ಗಾಡಿ. ಸಿಂಕಿನ ತೂತಿನಿಂದ ಒಂದು ಕೂದಲು ಎಳೆದೆ, ಎಳೆದಷ್ಟೂ ಬಂತು. ಹಾಸಿಗೆಯ ಕೆಳಗೆ ಅರ್ಧ ತಿಂದ ಬಿಸ್ಕತ್ತು, ಅದರ ಮೇಲೆ ಹಲ್ಲಿನ ಗುರುತು. ಇದಕ್ಕೆ ಮಾರಿದವನು "ಮನೆಯವರ ಹಾಗೆ ನೋಡಿಕೊಂಡಿದ್ದಾರೆ" ಅಂದಿದ್ದ. ಅದೆಂಥ ಮನೆಯವರೋ.

ಅವನ ಮಾತು ಬರೆದಿಡುತ್ತೇನೆ: "ಹದಿನೈದೇ ದಿನ ಅಮ್ಮ. ಗಾಡಿ ನಿಮ್ಮ ಯಜಮಾನರ ಹೆಸರಿಗೆ ವರ್ಗಾವಣೆ ಆಗಿ ಕಾಗದ ಕೈಗೆ ಬರುತ್ತೆ. ನಾನೇ ತಂದುಕೊಡ್ತೀನಿ." ಅಲ್ಲಿಯವರೆಗೆ ಮುಂದಿನ ಗಾಜಿಗೆ ಒಂದು ಹಳದಿ ಚೀಟಿ ಅಂಟಿಸಿದ್ದಾನೆ. ಅದಿದ್ದರೆ ಮೂವತ್ತು ದಿನ ಊರೊಳಗೆ ಓಡಿಸಬಹುದು, ಊರ ಗಡಿ ದಾಟುವಂತಿಲ್ಲ. ಮೂವತ್ತು ದಿನ ಕಳೆದರೆ ನಮ್ಮ ಗೇಟೂ ದಾಟುವಂತಿಲ್ಲ.

ಈ ವಯಸ್ಸಿನಲ್ಲಿ ಈ ಹುಚ್ಚು ಹಿಡಿದದ್ದು ನಮ್ಮೆಜಮಾನರಿಗೆ. ಬಸ್ಸು ಡ್ರೈವರ್ ಆಗಿದ್ದವರು. ಮೂವತ್ತೊಂದು ವರ್ಷ ಒಂದೇ ದಾರಿ, ಒಂದೇ ರಾತ್ರಿ ಬಸ್ಸು. ಬೆಟ್ಟ ಹತ್ತಿ, ಸರೋವರ ಬಳಸಿ, ಬೆಳಕು ಹರಿಯುವುದರೊಳಗೆ ಆಚೆ ಊರು. ಹಗಲೆಲ್ಲ ಡಿಪೋದಲ್ಲಿ ನಿದ್ದೆ, ಕತ್ತಲಾದ ಮೇಲೆ ವಾಪಸು. ಆ ದಾರಿಯನ್ನು ಹಗಲಲ್ಲಿ ಒಂದು ಸಲವೂ ನೋಡಿಲ್ಲವಂತೆ. ನೋಡಬೇಕಂತೆ.

"ಬಸ್ಸಲ್ಲಿ ಕೂತು ನೋಡ್ಕೊಂಡು ಬನ್ನಿ" ಅಂದೆ.

"ನನಗೆ ಅರ್ಧ ಗಂಟೆಗೊಂದ್ಸಲ ಇಳೀಬೇಕು ಕಣೇ. ಡ್ರೈವರ್ ಮೊದಲನೇ ಸಲ ನಗ್ತಾನೆ, ಮೂರನೇ ಸಲ ಬೈತಾನೆ. ನಾನೂ ಎಷ್ಟು ಜನಕ್ಕೆ ಬೈದಿಲ್ಲ?"

ಅದಕ್ಕೇ ಪಾಯಿಖಾನೆ ಇರುವ ಗಾಡಿ. ಜನ ಊರು ನೋಡಲು ಹೋಗುತ್ತಾರೆ, ನೀರು ನೋಡಲು ಹೋಗುತ್ತಾರೆ. ಡಾಂಬರು ನೋಡಲು ಹೊರಟವರು ಇವರೊಬ್ಬರೇ.

ಮಾರ್ಚ್ 5, ಬುಧವಾರ

ಇವರ ಅಂಗಿ ಒಗೆಯುವಾಗ ಜೇಬಿನಲ್ಲಿ ಕಣ್ಣಿನ ಡಾಕ್ಟರ ಚೀಟಿ ಸಿಕ್ಕಿತು. ಹೋದ ವಾರ ಒಬ್ಬರೇ ಹೋಗಿ ಬಂದು "ಏನೂ ಇಲ್ಲ, ವಯಸ್ಸು" ಅಂದಿದ್ದರು. ಡಾಕ್ಟರ ಕೈಬರಹ ನನಗೆ ಎಲ್ಲಿ ಓದಲು ಬರಬೇಕು? ಔಷಧಿ ಅಂಗಡಿಯವನ ಮುಂದೆ ಹಿಡಿದೆ. ಓದಿ ತಲೆ ಕೆರೆದುಕೊಂಡ. "ಕಣ್ಣಿನ ನರ ಒಣಗ್ತಾ ಬಂದಿದೆ ಅಜ್ಜಿ. ಮೂರು ತಿಂಗಳೋ, ನಾಲ್ಕು ತಿಂಗಳೋ. ಆಮೇಲೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತೆ. ಇದಕ್ಕೆ ಔಷಧಿ ಇಲ್ಲ ಅಂತ ಬರೆದಿದ್ದಾರೆ."

ಮನೆಗೆ ಬಂದರೆ ಈ ಮನುಷ್ಯ ಸಿಳ್ಳೆ ಹಾಕುತ್ತಾ ಗಾಡಿಯ ಗಾಜು ಒರೆಸುತ್ತಿದ್ದಾರೆ. ಒರೆಸಿದಲ್ಲೇ ಒರೆಸುತ್ತಿದ್ದಾರೆ.

ಕಟ್ಟಿಕೊಂಡು ನಲವತ್ತಾರು ವರ್ಷ. ನನಗೆ ಹೇಳಲು ಬಾಯಿಲ್ಲ ಈ ಮಹಾರಾಯರಿಗೆ. ಇರಲಿ, ಅವರೇ ಹೇಳಲಿ. ನಾನಾಗಿ ಕೇಳುವುದಿಲ್ಲ. ಮಗಳಿಗೂ ಹೇಳುವುದಿಲ್ಲ. ಚೀಟಿಯನ್ನು ಒಣಗಿಸಿ ಮಡಚಿ ಅದೇ ಜೇಬಿಗೆ ಹಾಕಿದೆ.

ಮಾರ್ಚ್ 18, ಮಂಗಳವಾರ

ಇವತ್ತಿಗೆ ಹದಿನೈದು ದಿನ. ಫೋನು ಮಾಡಿದೆ. ನೋಂದಣಿ ಕಚೇರಿಯ ಸಾಹೇಬರು ರಜೆಯಂತೆ, ನಾಳೆ ಬರುತ್ತಾರಂತೆ. ಇವರು ಟೀ ಲೋಟವನ್ನು ಮೇಜಿನ ಆಚೆ ಗಾಳಿಯಲ್ಲಿ ಇಟ್ಟರು.

ಮಾರ್ಚ್ 24, ಸೋಮವಾರ

ಅವನ ಅಂಗಡಿಗೇ ಹೋದೆವು. ಊರಾಚೆ ದೊಡ್ಡ ಅಂಗಳ, ಸಾಲಾಗಿ ಗಾಡಿಗಳು, ನಡುವೆ ಗಾಜಿನ ಕೋಣೆ. ಒಳಗೆ ಧೂಳು ಹಿಡಿದ ಪ್ಲಾಸ್ಟಿಕ್ ಹೂವು, ಒಂದು ಮೀನಿನ ತೊಟ್ಟಿ. ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಅವನು ಮೈಗೆ ಬಳಿದುಕೊಂಡ ಸೆಂಟು, ಆ ತೊಟ್ಟಿಯ ನಾತ, ಎರಡೂ ಸೇರಿದ್ದಕ್ಕೆ ಸೆರಗನ್ನು ಮೂಗಿಗೆ ಒತ್ತಿಕೊಂಡೆ.

"ಪ್ರಿಂಟರ್ ಕೆಟ್ಟಿದೆಯಂತೆ ಅಮ್ಮ ಕಚೇರೀಲಿ. ನಾಳೆ ಸರಿ ಹೋಗುತ್ತೆ. ಚಾಕ್ಲೇಟ್ ತಗೊಳ್ಳಿ."

"ಚಾಕ್ಲೇಟ್ ಬೇಡಪ್ಪ, ಹಲ್ಲಿಲ್ಲ. ನಿನಗೆ ಬೇಕಾದಷ್ಟು ಇದಾವಲ್ಲ, ನೀನೇ ತಿನ್ನು."

ಕಿಸಿದ ಹಲ್ಲು ಮುಚ್ಚಲೇ ಇಲ್ಲ. ಇವನಿಗೆ ನಾಳೆರಾಯ ಅಂತ ಹೆಸರಿಟ್ಟಿದ್ದೇನೆ.

ವಾಪಸು ಬರುವಾಗ ಸ್ಟಾಪಿನಲ್ಲಿ ನಿಂತಿದ್ದೆವು. ಇವರು ಇಂಜಿನ್ನಿನ ಸದ್ದಿನಲ್ಲೇ "ಇದು ಆಸ್ಪತ್ರೆ ಕಡೆ ಹೋಗೋದು, ನಮ್ಮದಲ್ಲ" ಅನ್ನುತ್ತಾರೆ. ಬೋರ್ಡು ಓದಿದವರಂತೆ ಗತ್ತು ಬೇರೆ. ಆಮೇಲೆ ಆ ಹೊಸ ಕರೆಂಟಿನ ಬಸ್ಸು ಸದ್ದಿಲ್ಲದೆ ಬಂದು ಇವರ ಮೂಗಿನ ಮುಂದೆ ನಿಂತಿತು. ನಮ್ಮದೇ ಬಸ್ಸು. ಇವರು ಅದರ ಕಡೆಗೇ ಮುಖ ಮಾಡಿ "ಇವತ್ತು ಬಸ್ಸು ತಡ" ಅಂದರು.

"ಜನ ಜಾಸ್ತಿ ಇದಾರೆ, ಮುಂದಿನದು ಹತ್ತೋಣ" ಅಂದೆ. ಬಸ್ಸು ಖಾಲಿ ಇತ್ತು.

ಏಪ್ರಿಲ್ 2, ಬುಧವಾರ

ಹಳದಿ ಚೀಟಿಯ ಆಯಸ್ಸು ಮುಗಿಯಿತು. ಫೋನು ಮಾಡಿದರೆ ನಾಳೆರಾಯ ಮೀಟಿಂಗಿನಲ್ಲಿದ್ದಾನಂತೆ. ಮೀಟಿಂಗಿನ ಹಿಂದೆ ಟಿವಿಯ ಆಟದ ಸದ್ದು ಕೇಳುತ್ತಿತ್ತು.

ಥೂ.

ಏಪ್ರಿಲ್ 9, ಬುಧವಾರ

ಗಾಡಿ ಗೇಟಿನೊಳಗೆ ಎಮ್ಮೆಯ ಹಾಗೆ ನಿಂತಿದೆ. ಸುಮ್ಮನೆ ನಿಂತ ಗಾಡಿಯಲ್ಲಿ ಇಲಿ ಸೇರುತ್ತದೆ ಅಂತ ಪೂರ್ತಿ ಉಜ್ಜಿದೆ. ಮೂರು ಬಕೆಟ್ ಕೊಳೆ ನೀರು. ಪರದೆ ಬದಲಾಯಿಸಿದೆ. ಅಷ್ಟು ಮೈಮುರಿದ ಮೇಲೆ ಕೂರದೇ ಇರಲು ನನಗೇನು ತಲೆ ಕೆಟ್ಟಿದೆಯೇ, ಟೀ ಅಲ್ಲೇ ಮಾಡಿದೆ.

ಕಿಟಕಿಯ ಪಕ್ಕ ಕೂತು ಇವರು ಕೇಳಿದರು, "ಎದುರು ಮನೆಯವಳು ಇವತ್ತು ಏನು ಒಣಗಹಾಕಿದ್ದಾಳೆ?"

"ಗಂಡನ ಮಾನ. ಆ ಬನಿಯನ್‌ನಲ್ಲಿ ಬಟ್ಟೆಗಿಂತ ತೂತೇ ಜಾಸ್ತಿ ಇದೆ."

"ಎಷ್ಟು ತೂತು?"

ಎಣಿಸಿ ಹೇಳಿದೆ. ಏಳು. ಮೊದಲೆಲ್ಲ ಬೀದಿ ಸುದ್ದಿ ಅಂದರೆ ಮುಖ ಸಿಂಡರಿಸುತ್ತಿದ್ದ ಗಂಡಸು ಈಗ ಬೆಕ್ಕು ಯಾವ ಗೋಡೆ ಹಾರಿತು, ಮೂಲೆಮನೆಯವನು ಯಾವ ಬಣ್ಣದ ಬಾಗಿಲು ಹಾಕಿಸಿದ ಅಂತೆಲ್ಲ ಕೇಳುತ್ತಾರೆ. ಯಾಕೆ ಕೇಳುತ್ತಾರೆ ಅಂತ ನನಗೆ ಗೊತ್ತಿಲ್ಲವೇ. ಬಾಗಿಲಿನ ಬಣ್ಣ ಬಸಳೆ ಹಣ್ಣು ಹಿಚುಕಿದ ಹಾಗಿದೆ, ಅಸಹ್ಯ. ಅದನ್ನೂ ಹೇಳಿದೆ.

ಏಪ್ರಿಲ್ 21, ಸೋಮವಾರ

ಮಗಳು ಲಾಂಡ್ರಿಯ ಗಾಡಿ ಓಡಿಸುತ್ತಾಳೆ, ಹೋಟೆಲುಗಳ ಹಾಸಿಗೆ ಬಟ್ಟೆ ತಂದು ಒಯ್ದು ಮಾಡುವುದು. ಇವತ್ತು ಅರ್ಧ ದಿನ ರಜೆ ಹಾಕಿ ನನ್ನನ್ನು ನೋಂದಣಿ ಕಚೇರಿಗೇ ಕರೆದುಕೊಂಡು ಹೋದಳು. ಮೂರು ಸಾಲಿನಲ್ಲಿ ನಿಂತೆವು. ಮೂರನೆಯದು ನಮ್ಮ ಸಾಲು. ಗಾಜಿನ ಹಿಂದಿನ ಹೆಂಗಸು ಕಂಪ್ಯೂಟರ್ ನೋಡಿ ಹೇಳಿದಳು:

"ಈ ಅರ್ಜಿ ಬಂದಿತ್ತು. ಮಾರ್ಚ್ ಹದಿನಾಲ್ಕಕ್ಕೇ ವಾಪಸ್ ಕಳಿಸಿದ್ದೀವಿ. ಚಾಸಿ ನಂಬರು ಹೊಂದ್ತಾ ಇಲ್ಲ."

"ಸಾಹೇಬರು ರಜೆ ಹಾಕಿದ್ದರಂತೆ?"

"ಯಾವ ಸಾಹೇಬರು? ಇಲ್ಲಿ ಸಹಿ ಹಾಕೋಳು ನಾನೇ. ವರ್ಷದಿಂದ ರಜೆ ಹಾಕಿಲ್ಲ."

"ಪ್ರಿಂಟರ್?"

ಅವಳು ಪಕ್ಕಕ್ಕೆ ಸರಿದು ತೋರಿಸಿದಳು. ಹಿಂದೆ ಪ್ರಿಂಟರ್ ಟಕಟಕ ಅಂತ ಕಾಗದ ಉಗುಳುತ್ತಿತ್ತು.

ಅಂದರೆ ಮಾರ್ಚ್ ಹದಿನಾಲ್ಕರಿಂದ ಆ ನಾಳೆರಾಯನಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಚಾಕ್ಲೇಟ್ ಕೊಡಲು ಬಂದಿದ್ದ.

ಮನೆಗೆ ಬಂದು ವಿಷಯ ಹೇಳಿದ್ದೇ ತಡ, ಇವರು ಗಾಡಿಯ ಹತ್ತಿರ ಹೋದರು. ಚಾಸಿ ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು. ಅದರ ಮೇಲೆ ಗಾಡಿಯ ಹುಟ್ಟು ನಂಬರು ಕೆತ್ತಿರುತ್ತಾರಂತೆ. "ನನಗೆ ಬಗ್ಗೋಕಾಗಲ್ಲ, ಬೆನ್ನು ಹಿಡಿದಿದೆ, ನೀನು ಓದು" ಅಂದರು. ಬೆನ್ನಂತೆ. ನಿನ್ನೆ ತಾನೇ ಬಗ್ಗಿ ಚಕ್ರಕ್ಕೆ ಗಾಳಿ ಹೊಡೆದಿದ್ದರು. ನಾನು ಗೋಣಿಚೀಲ ಹಾಸಿ, ಸೀರೆ ಎತ್ತಿ ಕಟ್ಟಿ, ಮುಂದಿನ ಚಕ್ರದ ಹಿಂದೆ ಅಂಗಾತ ಮಲಗಿದೆ. ಗ್ರೀಸು ಮೂಗಿಗೆ ತೊಟ್ಟಿಕ್ಕಿತು. ತುಕ್ಕು ಕೆರೆದು ಒಂದೊಂದೇ ಅಂಕಿ ಓದಿದೆ. ಮಗಳು ಗಾಜಿನ ಹಳದಿ ಚೀಟಿಯ ನಂಬರಿಗೆ ತಾಳೆ ನೋಡಿದಳು. ಕೊನೆಯದೊಂದೇ ಬೇರೆ. ಚೀಟಿಯಲ್ಲಿ ಮೂರು. ನಾನು ಓದಿದ್ದು ಎಂಟು, ಆದರೆ ಅಷ್ಟು ತುಕ್ಕಿನಲ್ಲಿ ಮೂರೂ ಎಂಟೂ ಅಣ್ಣತಮ್ಮಂದಿರು.

"ಸರಿ ನೋಡೇ."

"ಬೇಕಾದ್ರೆ ನೀವೇ ಬಂದು ನೋಡಿ" ಅಂದುಬಿಟ್ಟೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡೆ.

ಬೆನ್ನು ನೋವಿನ ಮಹಾರಾಯರು ನನ್ನ ಪಕ್ಕದಲ್ಲೇ ಬಂದು ಮಲಗಿದರು. ಕೈ ಚಾಚಿ ಹೆಬ್ಬೆರಳಿನಿಂದ ಆ ಕೆತ್ತನೆಯನ್ನು ಸವರಿದರು. ಕಣ್ಣು ಮುಚ್ಚಿಯೇ ಇತ್ತು.

"ಎಂಟೇ" ಅಂದರು.

ಏಪ್ರಿಲ್ 25, ಶುಕ್ರವಾರ

ಫೋನಿನಲ್ಲಿ ನಂಬರು ಹೇಳಿದ ಮೇಲೆ ನಾಳೆರಾಯ ಹಲ್ಲು ಬಿಡಲಿಲ್ಲ, ಬಾಯಿ ಬಿಟ್ಟ. ಒಂದೇ ಕಂಪನಿಯಿಂದ ಒಂದೇ ಥರದ ಎರಡು ಗಾಡಿ ಕೊಂಡಿದ್ದನಂತೆ. ಎರಡರ ಕಾಗದ ಅದಲು ಬದಲಾಗಿದೆಯಂತೆ. ನಮ್ಮ ಗಾಡಿಯ ಕಾಗದ ಇನ್ನೊಂದನ್ನು ಕೊಂಡವನ ಹತ್ತಿರ ಇದೆ, ಅವನು ಅದನ್ನಿಟ್ಟುಕೊಂಡು ಊರೂರು ಸುತ್ತುತ್ತಿದ್ದಾನೆ, ಬಂದಾಗ ನೋಡೋಣವಂತೆ.

"ಬಂದಾಗ ಅಂದ್ರೆ ಯಾವಾಗಪ್ಪ?"

"ಮಳೆಗಾಲ ಮುಗಿಯೋ ಹೊತ್ತಿಗೆ ಬರಬಹುದು. ಗಾಡಿ ಕಣ್ಣೆದುರಿಗೇ ಇದೆಯಲ್ಲಮ್ಮ, ದಿನಾ ನೋಡ್ತಾ ಇದ್ದೀರಲ್ಲ. ಕಾಗದಕ್ಕೇನು ಅವಸರ?"

ಫೋನನ್ನು ನೆಲಕ್ಕೆ ಅಪ್ಪಳಿಸಬೇಕು ಅನ್ನಿಸಿತು. ಫೋನು ಮಗಳದ್ದು.

ಏಪ್ರಿಲ್ 28, ಸೋಮವಾರ

ಇವರು ಮಗಳನ್ನು ನಾನು ಅಂದುಕೊಂಡು ಮಾತಾಡಿಸಿದರು. ಅವಳು ನನ್ನ ಸ್ವೆಟರು ಹಾಕಿಕೊಂಡಿದ್ದಳು. ಅದಕ್ಕೇ ಇರಬೇಕು ಅಂದುಕೊಂಡು ನಕ್ಕಳು.

ಮೇ 6, ಮಂಗಳವಾರ

ಇವತ್ತಿನದನ್ನು ಬರೆಯದೇ ಇದ್ದರೆ ಉಸಿರು ಕಟ್ಟುತ್ತದೆ.

ಮಗಳು ಒಬ್ಬ ವಕೀಲರನ್ನು ವಿಚಾರಿಸಿದ್ದಳು. ಅವರು ಕೊಟ್ಟ ಬುದ್ಧಿ: ಅವನು ಹೇಳಿದ ಮಾತುಗಳನ್ನು ತಾರೀಖಿನ ಸಮೇತ ಅವನ ಮುಂದೆ ಓದಿ, ಮೂರನೆಯವರು ಕೇಳುವ ಹಾಗೆ ಓದಿ, ಇದೇ ಪುಸ್ತಕವನ್ನು ದೂರಿನ ಜೊತೆ ಕೊಡುತ್ತೇವೆ ಅನ್ನಿ. ಮೂವರೂ ಹೋದೆವು. ಇವರು ಬೇಡ ಅಂದರೂ ಬಂದರು. "ಗಾಡಿ ನನ್ನ ಹೆಸರಿಗೆ ಆಗಬೇಕಾದ್ದು" ಅಂದರು.

ಗಾಜಿನ ಕೋಣೆಯಲ್ಲಿ ಗಿರಾಕಿಗಳಿದ್ದರು, ಹೊಸದಾಗಿ ಮದುವೆಯಾದ ಜೋಡಿಯಿರಬೇಕು, ಒಂದೇ ಕುರ್ಚಿಯಲ್ಲಿ ಕೂರುವಷ್ಟು ಅಂಟಿಕೊಂಡಿದ್ದರು. ನಾಳೆರಾಯ ಅವರಿಗೆ "ಹದಿನೈದೇ ದಿನ" ಅನ್ನುತ್ತಿದ್ದ. ಅದು ಕಿವಿಗೆ ಬಿದ್ದದ್ದೇ ಮಗಳು ಓದುವ ತನಕ ಕಾಯಲು ನನಗಾಗಲಿಲ್ಲ. ಅವನ ಮಾತು ಬರುವ ಹಾಳೆಗಳ ಮೂಲೆ ಮೊದಲೇ ಮಡಚಿದ್ದೆ. ಪುಸ್ತಕ ತೆರೆದೆ, ಕನ್ನಡಕ ಏರಿಸಿದೆ, ಬೆರಳಿಟ್ಟು ಓದಲು ಶುರು ಮಾಡಿದೆ.

ನನ್ನ ಓದು ಎಂಥದು ಅಂದರೆ, ಒಂದು ಸಲ ಬೆರಳಿಟ್ಟರೆ ಸಾಲು ಮುಗಿಯುವ ತನಕ ನಿಲ್ಲುವುದಿಲ್ಲ. ಕಣ್ಣು ಮುಂದೆ ಓಡಿಸಿ ಇದು ಬೇಕು, ಇದು ಬೇಡ ಅಂತ ಆರಿಸಿ ಓದುವುದು ಹೆಚ್ಚು ಓದಿದವರ ವಿದ್ಯೆ. ಶಾಲೆಯಲ್ಲಿ ನಮಗೆ ಕಲಿಸಿದ್ದು ಗಟ್ಟಿಯಾಗಿ, ಎಲ್ಲ ಅಕ್ಷರಕ್ಕೂ ಮರ್ಯಾದೆ ಕೊಟ್ಟು, ಕೊನೆಯ ತನಕ.

"ಮಾರ್ಚ್ ಹದಿನೆಂಟು. ಮಂಗಳವಾರ. ಇವತ್ತಿಗೆ ಹದಿನೈದು ದಿನ. ಫೋನು ಮಾಡಿದೆ. ನೋಂದಣಿ ಕಚೇರಿಯ ಸಾಹೇಬರು ರಜೆಯಂತೆ, ನಾಳೆ ಬರುತ್ತಾರಂತೆ. ಇವರು ಟೀ ಲೋಟವನ್ನು ಮೇಜಿನ ಆಚೆ ಗಾಳಿಯಲ್ಲಿ ಇಟ್ಟರು."

ಓದಿ ಮುಗಿಸಿದ ಮೇಲೆ ಕಿವಿಗೆ ಬಿತ್ತು, ಏನು ಓದಿದೆ ಅಂತ. ಆದರೆ ಬೆರಳು ಆಗಲೇ ಮುಂದಿನ ತಾರೀಖಿನ ಮೇಲಿತ್ತು. ಕೋಪದಲ್ಲಿ ಗಂಟಲು ಏರಿತ್ತು. ಪ್ರಿಂಟರ್ ಓದಿದೆ, ಚಾಕ್ಲೇಟ್ ಓದಿದೆ, ಖಾಲಿ ಬಸ್ಸನ್ನೂ ಓದಿದೆ. ಮೀಟಿಂಗು ಓದಿದೆ. ಕಾಗದಕ್ಕೇನು ಅವಸರ ಅಂದದ್ದು ಓದಿದೆ. ನಾಳೆರಾಯ ಅಂತ ಬರೆದದ್ದನ್ನೂ ಓದಿದೆ, ಅವನ ಮುಖಕ್ಕೇ. ಸ್ವೆಟರಿನ ಸಾಲಿಗೆ ಬಂದಾಗ ಮಗಳು ನನ್ನ ತೋಳು ಹಿಡಿದಳು. "ಅಮ್ಮ, ಸಾಕು."

ಆ ಜೋಡಿ ಎದ್ದು ನಿಂತಿದ್ದರು. ಹುಡುಗಿ ನನ್ನ ಯಜಮಾನರನ್ನೇ ನೋಡುತ್ತಿದ್ದಳು. ನಾನು ನೋಡಲಿಲ್ಲ. ನಾನು ಮೀನಿನ ತೊಟ್ಟಿ ನೋಡಿದೆ. ಹೊಸ ಮೀನು ಬಿಟ್ಟಿದ್ದ. ನೀರು ಮಾತ್ರ ಹಳೆಯದೇ.

ನಾಳೆರಾಯ ಫೋನು ಎತ್ತಿಕೊಂಡು ಹೊರಗೆ ಹೋದ. ಗಾಜಿನಾಚೆ ಕೈ ಬೀಸಿ ಬೀಸಿ ಯಾರ ಹತ್ತಿರವೋ ಮಾತಾಡಿದ. ಒಳಗೆ ಬಂದು, ನನ್ನ ಮುಖ ನೋಡದೆ, "ಆ ಇನ್ನೊಬ್ಬರು ಎಲ್ಲಿದ್ದಾರೋ ಅಲ್ಲಿಗೇ ಆಳು ಕಳಿಸ್ತೀನಿ. ಎರಡು ವಾರ" ಅಂದ. ನಾಳೆ ಅನ್ನಲಿಲ್ಲ. ಜೋಡಿ ಗಾಡಿ ಕೊಳ್ಳದೆ ಹೋದರು. ಅಷ್ಟಾದರೂ ಆಯಿತು.

ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ತಿರುಗಿ ಕೂತರು. ಇವತ್ತು ಆ ಸುಳ್ಳುಬುರುಕನಿಗಿಂತ ನನ್ನ ಮೇಲೇ ನನಗೆ ಅಸಹ್ಯ. ನಾಲ್ಕು ಜನರ ಮುಂದೆ ಗಂಡನ ಕಣ್ಣನ್ನು ಬಿಚ್ಚಿ ಮೇಜಿನ ಮೇಲಿಟ್ಟ ಹಾಗಾಯಿತು.

ಮೇ 7, ಬುಧವಾರ

ಬೆಳಿಗ್ಗೆ ಹುಡುಕಿದರೆ ಮನೆಯಲ್ಲಿಲ್ಲ. ಮನೆಗಾಡಿಯಲ್ಲಿ, ಡ್ರೈವರ್ ಸೀಟಿನಲ್ಲಿ, ಸ್ಟೇರಿಂಗ್ ಹಿಡಿದು ಕೂತಿದ್ದರು. ಪಕ್ಕ ಹತ್ತಿ ಕೂತೆ.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಮಾರ್ಚ್ ಐದರಿಂದ. ನಿಮ್ಮ ಜೇಬಿಗೆ ಬಾಯಿದೆ, ನಿಮಗಿಲ್ಲ."

"ಆ ಬಸ್ಸು ಖಾಲಿ ಇತ್ತಾ?"

"ಪೂರ್ತಿ ಖಾಲಿ. ಮಲಗ್ಕೊಂಡು ಬರಬಹುದಿತ್ತು."

ಹೊಟ್ಟೆ ಅಲುಗುವ ಹಾಗೆ ನಕ್ಕರು. ಆಮೇಲೆ ಅಂದರು, "ಬರೆಯೋದಾದ್ರೆ ಸರಿಯಾಗಿ ಬರಿ. ಎಂಟನ್ನ ಗುರುತು ಹಿಡಿದವನು ನಾನು. ಅದನ್ನೂ ಓದಬೇಕಿತ್ತು ಅವನ ಮುಂದೆ. ಸೋತಿದ್ದು ಮಾತ್ರ ಓದಿದೆ."

"ಅದೂ ಓದಿದೆ. ನಿಮಗೆ ಆಗ ಕಿವೀನೂ ಕೇಳಿಸ್ತಿರಲಿಲ್ಲ ಅಂತ ಕಾಣುತ್ತೆ."

ಓದಿರಲಿಲ್ಲ.

"ನಾನು ಓಡಿಸಲ್ಲ" ಅಂದರು. ಸ್ಟೇರಿಂಗ್ ಬಿಟ್ಟು ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. "ಮಗಳು ಓಡಿಸಲಿ. ಕ್ಲಚ್ಚು ಮಾತ್ರ ಮೆತ್ತಗೆ ಬಿಡು ಅಂತ ಹೇಳು."

ಮೇ 19, ಸೋಮವಾರ

ಕಾಗದ ಬಂತು. ತಂದವನು ನಾಳೆರಾಯನೇ, ಕೈಯಲ್ಲಿ ಹೂವಿನ ಗುಚ್ಛ. ಅದೂ ಆ ಗಾಜಿನ ಕೋಣೆಯ ಪ್ಲಾಸ್ಟಿಕ್ ಹೂವೇ, ಧೂಳು ಒರೆಸಿ ತಂದಿದ್ದ. ಕಾಗದ ತೆಗೆದುಕೊಂಡೆ. ಹೂವನ್ನು ಅವನ ಜೇಬಿಗೇ ಸಿಕ್ಕಿಸಿ ಗೇಟು ಹಾಕಿದೆ.

ಕಾಗದದ ಮೇಲೆ ಇವರ ಹೆಸರಿದೆ. ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದರು, ಹತ್ತಿರ ತಂದರು, ದೂರ ಹಿಡಿದರು. "ಓದು" ಅಂದರು. ಮುದ್ರೆಯ ಅಂಚಿನ ಸಣ್ಣಕ್ಷರದ ತನಕ ಎಲ್ಲ ಓದಿದೆ.

ಬಂದದ್ದು ಎಪ್ಪತ್ತೇಳನೇ ದಿನ. ಹದಿನೈದನೇ ದಿನಕ್ಕೆ ಬಂದಿದ್ದರೆ ಈ ಮನುಷ್ಯ ಕಷ್ಟಪಟ್ಟಾದರೂ ತಾವೇ ಓದಿಕೊಳ್ಳುತ್ತಿದ್ದರು. ಆ ಅರವತ್ತೆರಡು ದಿನವನ್ನು ಅವನ ಗಂಟಲಿಗೆ ತುರುಕಬೇಕಿತ್ತು. ಹೂವು ಜೇಬಿಗೆ ಹೋಯಿತು, ಅವನ ಪುಣ್ಯ.

ಮೇ 22, ಗುರುವಾರ

ಗಾಡಿ ನಿಂತಿದೆ. ಮಗಳು ಕಾಲು ಚಾಚಲು ಇಳಿದಿದ್ದಾಳೆ, ಇವರು ಹಿಂದೆ ಪಾಯಿಖಾನೆಯಲ್ಲಿದ್ದಾರೆ. ಇದು ಐದನೇ ಸಲ. ಅಷ್ಟರಲ್ಲಿ ಬರೆಯುತ್ತೇನೆ.

ಈ ದಾರಿಯಷ್ಟು ದರಿದ್ರ ದಾರಿ ನಾನು ಕಂಡಿಲ್ಲ. ಬೆಟ್ಟವನ್ನು ಬ್ರೆಡ್ಡಿನ ಹಾಗೆ ಕತ್ತರಿಸಿದ್ದಾರೆ. ಇಕ್ಕೆಲದಲ್ಲೂ ಒಳಚಡ್ಡಿಯ ಜಾಹೀರಾತು. ಮೂವತ್ತೊಂದು ವರ್ಷ ಕತ್ತಲು ಈ ದಾರಿಯ ಮಾನ ಕಾಪಾಡಿತ್ತು. ಇವರಿಗೆ ಈಗ ಬೆಳಕಿನ ಕಡೆ ಬೆಳಕು, ನೆರಳಿನ ಕಡೆ ನೆರಳು, ಅಷ್ಟೇ. ಆದರೆ ತಿರುವು ಬರುವ ಮೊದಲೇ ಮೈ ಆ ಕಡೆ ವಾಲುತ್ತದೆ. "ಈಗ ಎಡಕ್ಕೆ. ಮೂರನೇ ಗೇರು. ಮೆತ್ತಗೆ." ಮಗಳು ಮೊದಲು ರೇಗಿದಳು, ಆಮೇಲೆ ಅವರು ಹೇಳಿದ ಹಾಗೇ ಓಡಿಸಿದಳು.

ಪ್ರತಿ ತಿರುವಿಗೂ ಕೇಳುತ್ತಾರೆ, "ಏನಿದೆ?"

ಮೊದಲು ಚೆಂದ ಮಾಡಿ ಹೇಳೋಣ ಅನ್ನಿಸಿತು. ಹಸಿರು ಗಿಡ, ನೀಲಿ ಹೂವು ಅಂತ ಏನೋ ಕಟ್ಟಿದೆ. ಇವರು ಮುಖ ಗಂಟಿಕ್ಕಿದರು. "ಆ ನಾಳೆರಾಯನ ಹಾಗೆ ಮಾತಾಡಬೇಡ. ಇರೋದು ಹೇಳು."

ಇರುವುದು ಹೇಳಿದೆ. "ಲಾರಿಯ ಹಿಂಭಾಗ ಇದೆ. ಅದರ ಮೇಲೆ ಕುರಿ. ಒಂದು ಕುರಿ ನಿಮ್ಮನ್ನೇ ನೋಡ್ತಾ ಉಚ್ಚೆ ಹೊಯ್ತಾ ಇದೆ." ಇವರು ಕೆಮ್ಮು ಬರುವ ತನಕ ನಕ್ಕರು.

ಈಗ ಬಂದು ನನ್ನ ಪಕ್ಕ ಕೂತರು. ನಾನು ಬರೆಯುತ್ತಿರುವುದು ಪೆನ್ನಿನ ಸದ್ದಿನಲ್ಲಿ ಗೊತ್ತಾಗಿದೆ.

"ಇಲ್ಲಿ ಯಾವಾಗಲೂ ಗಾಳಿ ತಣ್ಣಗಾಗ್ತಿತ್ತು. ಸರೋವರ ಇರಬೇಕು."

"ಇದೆ."

"ಹೇಗಿದೆ?"

"ದಡದ ತುಂಬ ಬಾಟಲಿ. ಯಾರೋ ಹಳೇ ಟಯರು ಎಸೆದಿದ್ದಾರೆ. ಥೂ, ನೊರೆ ಬೇರೆ."

"ಅದರಾಚೆ?"

ಅದರಾಚೆ ನೀರು. ಒಂದೇ ಬಣ್ಣ ಅಂದುಕೊಂಡರೆ ಅಲ್ಲ, ನಡುವೆ ತವರದ ಹಾಗಿದೆ, ಆಚೆ ದಡಕ್ಕೆ ಹೋಗುತ್ತಾ ಕಪ್ಪು. ಒಂದು ಕಡೆ ಮಾತ್ರ ನಡುಗುತ್ತಿದೆ, ಗಾಳಿಯೋ ಮೀನೋ ತಿಳಿಯುತ್ತಿಲ್ಲ. ನೀರಿನೊಳಗೆ ಬೆಟ್ಟ ತಲೆಕೆಳಗಾಗಿದೆ, ಕತ್ತರಿಸಿದ ಗಾಯ ಅಲ್ಲಿ ಕಾಣುತ್ತಿಲ್ಲ. ಇಷ್ಟನ್ನು ಇವರಿಗೆ ಯಾವ ಮಾತಿನಲ್ಲಿ ಹೇಳುವುದು?

"ಹೇಳೇ. ಅದರಾಚೆ ಏನಿದೆ?"

"ಇರ್ರೀ" ಅಂದೆ. "ನಾನಿನ್ನೂ ನೋಡ್ತಾ ಇದ್ದೀನಿ."